ಮೊದಲ ಸಾಲಿನ ಕುರ್ಚಿಗಳು

ನಮ್ಮ ಕೈಗೆ ಮೊದಲು ಸಿಕ್ಕ ಪಟ್ಟಿ 1999ರಿಂದ ಶುರುವಾಗುತ್ತಿತ್ತು. ಕಾರ್ಗಿಲ್ ಯುದ್ಧ ಮುಗಿದು ಇಪ್ಪತ್ತು ವರ್ಷವಾಗುವ ಹೊತ್ತು, 2019ರ ಬೇಸಿಗೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಯುದ್ಧದಲ್ಲಿ ಮಡಿದವರ ಮನೆಯವರನ್ನೆಲ್ಲ ಒಂದು ಕಡೆ ಕೂಡಿಸಿ ಜುಲೈ 26ರಂದು ಸ್ಮರಣೆಯ ಕಾರ್ಯಕ್ರಮ ಮಾಡಬೇಕೆಂದು ಕೆಲವು ಮಾಜಿ ಸೈನಿಕರು ಮನಸ್ಸು ಮಾಡಿದ್ದರು. ಅವರಲ್ಲಿ ಇಬ್ಬರು ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವರು. "ಮಾಸ್ತರ್ರ, ನಿರೂಪಣಾ ನೀವ ಮಾಡಬೇಕ್ರಿ" ಎಂದು ಬಂದರು. ಒಪ್ಪಿಕೊಂಡೆ. ಓದಬೇಕಾದ ಹೆಸರುಗಳನ್ನು ಮೊದಲು ಕೊಡಿ ಎಂದಾಗ ಮೇಜಿನ ಮೇಲೆ ಬಂದದ್ದು ಆ ಪಟ್ಟಿ. ಅದರಲ್ಲಿ 1962 ಇರಲಿಲ್ಲ, 1965 ಇರಲಿಲ್ಲ, 1971 ಇರಲಿಲ್ಲ. ಶ್ರೀಲಂಕಾಕ್ಕೆ ಹೋಗಿ ತಿರುಗಿ ಬರದವರೂ ಇರಲಿಲ್ಲ.

ಯಾರೂ ಬೇಕಂತ ಬಿಟ್ಟದ್ದಲ್ಲ. ಕಾರ್ಗಿಲ್‌ಗಿಂತ ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಸಾಮಾನ್ಯವಾಗಿ ರಣರಂಗದ ಆಸುಪಾಸಿನಲ್ಲೇ ಆಗಿಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಒಂದು ತಂತಿ. ಆಮೇಲೆ, ಬಂದರೆ, ಅವನ ಟ್ರಂಕು. ಊರ ಜನ ಹೆಣ ನೋಡಲಿಲ್ಲ, ಹೆಗಲು ಕೊಡಲಿಲ್ಲ, ಮಣ್ಣು ಹಾಕಲಿಲ್ಲ. 1999ರಲ್ಲಿ ಹಾಗಾಗಲಿಲ್ಲ. ಆ ಯುದ್ಧದಲ್ಲಿ ಮಡಿದ 527 ಯೋಧರಲ್ಲಿ ಬಹುತೇಕರ ಪಾರ್ಥಿವ ಶರೀರ ತ್ರಿವರ್ಣ ಧ್ವಜ ಹೊದ್ದು ಊರಿಗೆ ಬಂತು. ದಾರಿಯುದ್ದಕ್ಕೂ ಶಾಲೆಯ ಮಕ್ಕಳು ನಿಂತರು, ಟಿ.ವಿ.ಯವರು ತೋರಿಸಿದರು, ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದವು. ಜನರ ನೆನಪು ಆ ಮೆರವಣಿಗೆಗಳಿಂದ ಶುರುವಾಯಿತು. ನಮ್ಮ ಪಟ್ಟಿಯೂ ಅಲ್ಲಿಂದಲೇ.

ಬೆಳಗಾವಿ ಜಿಲ್ಲೆಗೆ ಇದು ಸಲ್ಲದ ಮಾತು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆ ನಿಂತದ್ದು 1922ರಲ್ಲಿ. ಅದಕ್ಕೂ ಮುಂಚಿನಿಂದ ನಮ್ಮ ಸೀಮೆಯ ಹುಡುಗರು ಪಲ್ಟನ್ನಿಗೆ ಸೇರುತ್ತ ಬಂದವರು. 1971ರ ಡಿಸೆಂಬರಿನಲ್ಲಿ ಈಗಿನ ಬಾಂಗ್ಲಾದೇಶದ ಜಮಾಲಪುರವನ್ನು ಸುತ್ತುವರಿದದ್ದು ಇದೇ ದಳದ ಒಂದನೆಯ ಬಟಾಲಿಯನ್, ಜಂಗಿ ಪಲ್ಟನ್. ಶರಣಾಗಿರೆಂದು ಕಳಿಸಿದ ಕಾಗದಕ್ಕೆ ಎದುರಾಳಿ ಕಮಾಂಡರ್ ಒಂದು ಗುಂಡನ್ನು ಕಾಗದದಲ್ಲಿ ಸುತ್ತಿ ಉತ್ತರ ಕಳಿಸಿದ್ದ. ಆ ಕಥೆ ನಮ್ಮ ಮಾಜಿ ಸೈನಿಕರಿಗೆಲ್ಲ ಬಾಯಿಪಾಠ. ಕಥೆ ಹೇಳಿ ಮುಗಿಸಿದವರನ್ನು ಕೇಳಿದೆ: ಆ ವರ್ಷ ನಮ್ಮ ಕಡೆಯಿಂದ ಹೋಗಿ ಬರದವರು ಯಾರು? ಅವರ ಮನೆ ಎಲ್ಲಿ? ಯಾರೂ ಮಾತಾಡಲಿಲ್ಲ.

ಹುಡುಕಲು ಹೊರಟೆವು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಿಂದ ಪಿಂಚಣಿದಾರರ ವಿವರ ಸಿಕ್ಕಿತು. ಆದರೆ ಪಿಂಚಣಿ ಪಡೆಯುವವರು ತೀರಿಹೋದರೆ ಆ ಮನೆಯ ಹೆಸರೇ ಕಾಗದದಿಂದ ಜಾರಿಹೋಗುತ್ತದೆ. ಹಳೆಯ ಕಾಗದಗಳಲ್ಲಿ ಎಲ್ಲವೂ ಗೋಕಾಕ ತಾಲ್ಲೂಕು. ಮೂಡಲಗಿ ಬೇರೆ ತಾಲ್ಲೂಕಾದದ್ದು ತೀರಾ ಈಚೆಗೆ, 2018ರ ಹೊತ್ತಿಗೆ. ಯಾದವಾಡ, ಕುಲಗೋಡ ಕಡೆಯ ಹೆಸರುಗಳನ್ನು ಬಿಡಿಸಿ ಬೇರೆ ಮಾಡುವುದೇ ಒಂದು ಕೆಲಸವಾಯಿತು. ಹುಕ್ಕೇರಿಯ ತೊಡಕು ಇನ್ನೊಂದು ಬಗೆಯದು. ಹಿಡಕಲ್ ಜಲಾಶಯ ಕಟ್ಟಿದಾಗ ಊರೂರೇ ನೀರಿಗೆ ಹೋದವು. ಸೇನೆಯ ದಾಖಲೆಯಲ್ಲಿ ಬರೆದ ಊರು ಈಗ ಹಿನ್ನೀರಿನ ಕೆಳಗಿದೆ. ಅಲ್ಲಿಯ ಜನ ಪುನರ್ವಸತಿಯ ಊರುಗಳಿಗೆ ಚದುರಿದ್ದಾರೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ಕಾಣುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಮನೆಗಳಿಗೆ ಆ ಭಾಗ್ಯವಿಲ್ಲ.

ಅಂಥದೊಂದು ಮುಳುಗಿದ ಊರಿನ ಮನೆಯನ್ನು ಕೊನೆಗೆ ಪತ್ತೆ ಮಾಡಿಕೊಟ್ಟವರು ಒಬ್ಬ ನಿವೃತ್ತ ಪೋಸ್ಟ್‌ಮನ್. ಪುನರ್ವಸತಿ ಊರಿನ ಮೂರನೆಯ ಓಣಿಯಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜ ಇದ್ದರು. 1971ರಲ್ಲಿ ಹೋದದ್ದು ಅವರ ತಮ್ಮ. ತಂದೆತಾಯಿ ತೀರಿಹೋಗಿದ್ದರು, ಹುಡುಗನಿಗೆ ಮದುವೆ ಆಗಿರಲಿಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ಆ ಸಾವಿಗೆ ಈಗ ವಾರಸುದಾರರೇ ಇಲ್ಲ. ಅಜ್ಜ ತಂತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಬಟ್ಟೆಯಲ್ಲಿ ಸುತ್ತಿ, ದೇವರ ಮಾಡದಲ್ಲಿ ಇಟ್ಟಿದ್ದರು. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಹೇಳೆಂದರು. ಓದಿ ಹೇಳಿದೆ. "ಅವತ್ತ ಪೋಸ್ಟ್ ಮಾಸ್ತರ ಇದನ್ನ ಹೇಳಿದ್ದಾ. ಬ್ಯಾರೆ ಏನರ ಬರದೈತೇನೋ ಅಂತ ಇಷ್ಟ ವರ್ಷ ಕಾಯ್ದೆ" ಎಂದರು. ಕಾರ್ಯಕ್ರಮಕ್ಕೆ ಬರಲು ಅವರ ಕಾಲು ಏಳುವಂತಿರಲಿಲ್ಲ. ಹೆಸರು ಮಾತ್ರ ಓದಬೇಕೆಂದರು. ಊರಿನ ಹೆಸರನ್ನೂ ಓದಬೇಕು, ಮುಳುಗಿದ ಊರಿನದೇ, ಹೊಸ ಊರಿನದಲ್ಲ.

ಆ ಮನೆಯಿಂದ ಬಂದ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಪ್ರತಿ ಹೆಸರನ್ನೂ ತಾಯಿಯ ಹೆಸರು, ತಂದೆಯ ಹೆಸರು, ಹುಟ್ಟಿದ ಊರಿನ ಸಮೇತ ಓದುವುದು. ಹುದ್ದೆ, ಪಲ್ಟನ್, ಯುದ್ಧದ ವರ್ಷ ಆಮೇಲೆ. ಸಮಯ ಹಿಡಿಯುತ್ತದೆಂದು ಕೆಲವರು ಗೊಣಗಿದರು. ಹಿಡಿಯಲಿ ಎಂದೆ. ಕಾರ್ಯಕ್ರಮ ಇರುವುದೇ ಅದಕ್ಕೆ.

ಹೆಸರಿನ ವಿಷಯದಲ್ಲಿ ನಾನು ಯಾಕೆ ಹಟ ಹಿಡಿದೆನೆಂದು ಹೇಳಬೇಕು. ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಸೀಮೆಯವರು ಕಾದಿದ್ದು ಮೆಸೊಪೊಟೇಮಿಯಾದಲ್ಲಿ, ಈಗಿನ ಇರಾಕಿನಲ್ಲಿ. 1916ರ ಏಪ್ರಿಲ್‌ನಲ್ಲಿ ಕೂಟ್ ಮುತ್ತಿಗೆ ಮುಗಿದಾಗ ಹಸಿವಿನಿಂದ ಬಳಲಿ ಸೆರೆಸಿಕ್ಕವರಲ್ಲಿ 103, 110, 117ನೆಯ ಮರಾಠಾ ದಳಗಳವರೂ ಇದ್ದರು. ಮೆಸೊಪೊಟೇಮಿಯಾದಲ್ಲಿ ಸತ್ತ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗಾಗಿ ಬ್ರಿಟಿಷರು ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿಸಿದರು. ಬ್ರಿಟಿಷ್ ಸೈನಿಕರ ಹೆಸರು ಒಂದೊಂದಾಗಿ ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಸಿಕ್ಕದ್ದು ದಳದ ಹೆಸರಿನ ಮುಂದೆ ಒಂದು ಸಂಖ್ಯೆ. ಇಂಥ ತಾರತಮ್ಯ ಹಲವು ಕಡೆ ನಡೆದಿದೆಯೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ವರದಿ ಮಾಡಿ ಕ್ಷಮೆ ಕೇಳಿತು. ಹೆಸರಿನಿಂದ ನೆನೆಯದೇ ಬಿಟ್ಟವರು, ಇಲ್ಲವೇ ಪೂರ್ತಿ ಮರೆತವರು ಕಡಿಮೆಯೆಂದರೂ 1,16,000 ಜನ ಎಂದು ಅದರ ಅಂದಾಜು. ಊರುಗಳಲ್ಲಿ ನೆಟ್ಟ ಆ ಕಾಲದ ಅಮೃತಶಿಲೆಯ ಫಲಕಗಳಲ್ಲೂ ಅದೇ ರೀತಿ: ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು. ಇಷ್ಟು ಎಂಬುದು ಯಾರ ಮಗ?

ಅದಕ್ಕಿಂತ ಸಾವಿರ ವರ್ಷ ಹಿಂದೆ ನಮ್ಮ ಹಳ್ಳಿಗಳು ಇದನ್ನು ಚೆನ್ನಾಗಿ ಮಾಡುತ್ತಿದ್ದವು. ಗುಡಿಯ ಮುಂದೆ, ಅಗಸಿಯ ಹತ್ತಿರ ನಿಂತ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಬರಹವಿದ್ದ ಕಲ್ಲುಗಳಲ್ಲಿ ಸತ್ತವನ ಹೆಸರಿರುತ್ತದೆ, ಎಷ್ಟೋ ಸಲ ಯಾರ ಮಗ, ಯಾವ ಜಗಳದಲ್ಲಿ ಸತ್ತ ಎಂಬುದೂ ಇರುತ್ತದೆ. ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲ ಬಿಟ್ಟುಕೊಟ್ಟದ್ದನ್ನೂ ಬರೆಯುತ್ತಿದ್ದರು. ತುರು ಕಾಯಲು ಹೋಗಿ ಸತ್ತ ಒಬ್ಬ ಹಳ್ಳಿಗನಿಗೂ ಆ ಗೌರವ ಸಿಕ್ಕಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಏಕಶಿಲೆಯ ವೀರಗಲ್ಲು ನಿಲ್ಲಿಸಿರುವುದು ನನಗೆ ಬಹಳ ಸರಿಯೆನಿಸುತ್ತದೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಆಗಲೇ 25,942 ಹೆಸರುಗಳನ್ನು ಕೆತ್ತಿದ್ದರು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾದ ಮೇಲೆ ಆಯಿತಲ್ಲ ಎಂಬ ಸಂಕಟ ಒಂದು ಕಡೆ, ಆಯಿತಲ್ಲ ಎಂಬ ಸಮಾಧಾನ ಇನ್ನೊಂದು ಕಡೆ. ಅಲ್ಲಿ ಸಂಜೆಯ ಹೊತ್ತು ಮಡಿದ ಒಬ್ಬರ ಮನೆಯವರಿಂದ ಪುಷ್ಪಚಕ್ರ ಇಡಿಸುವ ಪದ್ಧತಿ ಇದೆ. ಒಬ್ಬರ ಮನೆಯವರು, ಒಂದು ಸಂಜೆ. ನಾವು ಮಾದರಿಯಾಗಿ ಇಟ್ಟುಕೊಂಡದ್ದು ಅದನ್ನೇ. ಪರೇಡನ್ನಲ್ಲ.

ಇನ್ನು ಮನೆಯವರೆಂದರೆ ಯಾರು? ಇಡೀ ಕೆಲಸದಲ್ಲಿ ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಇದು.

ಕಾಗದದ ಪ್ರಕಾರ ಹತ್ತಿರದ ವಾರಸುದಾರರು ಹೆಂಡತಿ, ಹೆಂಡತಿ ಇಲ್ಲದಿದ್ದರೆ ತಂದೆತಾಯಿ. ಮನೆಗಳಲ್ಲಿ ಅದು ಅಷ್ಟು ಸರಳವಿಲ್ಲ. ಪಿಂಚಣಿ, ಪರಿಹಾರ, ನಿವೇಶನ ಬಂದ ಕಡೆ ಅತ್ತೆ ಸೊಸೆ ಬೇರೆ ಬೇರೆ ಆಗಿದ್ದಾರೆ. ಇಪ್ಪತ್ತರ ಹುಡುಗಿ ಕೂಸು ಎತ್ತಿಕೊಂಡು ತವರಿಗೆ ಹೋಗಿದ್ದಾಳೆ. ಮಗನನ್ನೂ ಕಳಕೊಂಡು ಮೊಮ್ಮಗನನ್ನೂ ನೋಡಲಾಗದ ಮುದುಕರು ಇತ್ತ ಕಡೆ ಇದ್ದಾರೆ. ಯಾರು ಸರಿ ಯಾರು ತಪ್ಪು ಎಂದು ತೂಗುವುದು ನಮ್ಮ ಕೆಲಸವಲ್ಲ. ನಾವು ಎರಡೂ ಮನೆಗೆ ಹೋದೆವು. ಎರಡೂ ಮನೆಗೆ ಬೇರೆ ಬೇರೆ ಆಮಂತ್ರಣ ಕೊಟ್ಟೆವು, ಮೊದಲ ಸಾಲಿನಲ್ಲಿ ಎರಡೂ ಕಡೆಯವರಿಗೆ ಕುರ್ಚಿ ಇದೆಯೆಂದು ಇಬ್ಬರಿಗೂ ಮುಂಚೆಯೇ ತಿಳಿಸಿದೆವು. ಕೆಲವರು ಬರಲಿಲ್ಲ. ಬಂದವರಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೂತರು, ಅಷ್ಟು ಸಾಕು.

ಗೋಕಾಕ ತಾಲ್ಲೂಕಿನ ಒಂದು ಮನೆಯಲ್ಲಿ ಮಡಿದವನ ಹೆಂಡತಿಯನ್ನು ಮೈದುನನಿಗೆ ಉಡಿಕಿ, ಅಂದರೆ ಮರುಮದುವೆ, ಮಾಡಿ ಕೊಟ್ಟಿದ್ದರು. ಈಗ ಇಬ್ಬರು ಮಕ್ಕಳು. ಆಕೆಯನ್ನು ವೇದಿಕೆಗೆ ಕರೆದು ಸತ್ತವನ ಹೆಂಡತಿಯೆಂದು ಶಾಲು ಹೊದಿಸಿದರೆ ಈ ಸಂಸಾರಕ್ಕೆ ಮುಜುಗರವಾದೀತೆಂದು ನಮ್ಮವರ ಚಿಂತೆ. ಕೇಳಿಯೇ ಬಿಡೋಣ ಎಂದು ಹೋದೆವು. ಉತ್ತರ ಕೊಟ್ಟವನು ಗಂಡ. "ನಾನೂ ಬರತೇನ್ರಿ. ಅಂವಾ ನಮ್ಮಣ್ಣ" ಎಂದ. ಶೌರ್ಯ ಪದಕದ ಭತ್ಯೆಗೆ ಹಿಂದೆ ಒಂದು ಷರತ್ತಿತ್ತು. ವಿಧವೆ ಮರುಮದುವೆಯಾದರೆ ಮೈದುನನನ್ನೇ ಆಗಿರಬೇಕು, ಬೇರೆಯವನನ್ನು ಆದರೆ ಭತ್ಯೆ ನಿಂತುಹೋಗುತ್ತಿತ್ತು. 2017ರಲ್ಲಿ ಆ ಷರತ್ತನ್ನು ಸರ್ಕಾರ ತೆಗೆದುಹಾಕಿತು. ಸುದ್ದಿ ಬಹಳ ಮನೆಗಳಿಗೆ ಮುಟ್ಟಿರಲಿಲ್ಲ. ಹೋದಲ್ಲೆಲ್ಲ ಹೇಳಿದೆವು.

ಉಡಿ ತುಂಬುವ ಮಾತು ಎದ್ದದ್ದು ಮೂಡಲಗಿಯ ಸಭೆಯಲ್ಲಿ. ಬಂದ ಹೆಣ್ಣುಮಕ್ಕಳಿಗೆ ಏನು ಕೊಡುವುದು? ಶಾಲು, ನೆನಪಿನ ಕಾಣಿಕೆ ಎಂದು ಗಂಡಸರು ಬರೆದಿಟ್ಟಿದ್ದರು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಅಂಗನವಾಡಿ ಟೀಚರೊಬ್ಬರು ಎದ್ದು ನಿಂತು, ನಮ್ಮಲ್ಲಿ ಹೆಣ್ಣುಮಕ್ಕಳು ಮನೆಗೆ ಬಂದರೆ ಉಡಿ ತುಂಬಿ ಕಳಿಸುತ್ತೇವೆ, ಇವರಿಗೆ ಮಾತ್ರ ಶಾಲು ಯಾಕೆ ಎಂದು ಕೇಳಿದರು. ಕೆಲ ಹಿರಿಯರು ಗಂಡ ಸತ್ತವರಿಗೆ ಉಡಿ ತುಂಬುವ ರೂಢಿ ಇಲ್ಲವೆಂದರು. ಮಾತು ಬಿಸಿಯಾಯಿತು. ಇದನ್ನೂ ಮನೆಗಳಲ್ಲಿ ಕೇಳೋಣ ಎಂದೆ. ಆ ಟೀಚರೇ ಒಬ್ಬೊಬ್ಬರ ಮನೆಗೆ ಹೋಗಿ ಒಳಗೆ ಕೂತು ಕೇಳಿಕೊಂಡು ಬಂದರು. ಬೇಡವೆಂದವರು ಇದ್ದರು, ಅವರಿಗೆ ಒತ್ತಾಯ ಮಾಡಲಿಲ್ಲ. ಬೇಕೆಂದವರೇ ಹೆಚ್ಚು. ಕಾರ್ಗಿಲ್‌ನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಾಕೆ, "ಸಭಾದಾಗ ನಾಕ ಮಂದಿ ಎದರಿಗೆ ತುಂಬತೀರಿ? ಹಂಗಾರ ಬರತೇನಿ" ಎಂದಿದ್ದರಂತೆ.

ಕಾರ್ಯಕ್ರಮದ ದಿನ ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು. ಎಲ್ಲ ತಂದು ಊರ ಹೆಣ್ಣುಮಕ್ಕಳೇ ತುಂಬಿದರು. ಅಂದು ಬಂದಿದ್ದ ಗಣ್ಯರಲ್ಲಿ ಒಬ್ಬರಿಗೆ ಮುಂದಿನ ಕಾರ್ಯಕ್ರಮಕ್ಕೆ ಅವಸರವಿತ್ತು. ಶಾಲಿನ ಫೋಟೊ ಆಗಲಿಲ್ಲವೆಂದು ಅವರ ಜೊತೆಗಿದ್ದವರು ನನ್ನ ಕಿವಿಯಲ್ಲಿ ಹೇಳಿದರು. ಆಗಲಿಲ್ಲ, ನಿಜ. ಆ ಹೊತ್ತಿಗೆ ಸೆರಗಿನಲ್ಲಿ ಅಕ್ಕಿ ಹಿಡಿದು ನಿಂತ ಆ ತಾಯಂದಿರ ನಡುವೆ ನುಗ್ಗಿ ಯಾರಿಗೂ ಜಾಗ ಮಾಡಿಕೊಡಲು ನನಗೆ ಮನಸ್ಸಾಗಲಿಲ್ಲ.

ಅಕ್ಕತಂಗಿಯರ ಸಂಗತಿ ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾವ ಕಾಗದದಲ್ಲೂ ಅವರು ಇಲ್ಲ. ಪಿಂಚಣಿಯಲ್ಲಿ ಇಲ್ಲ, ಪರಿಹಾರದಲ್ಲಿ ಇಲ್ಲ, ಆಮಂತ್ರಣದಲ್ಲಿ ಇಲ್ಲ. ಕೌಜಲಗಿ ಕಡೆಯ ಒಬ್ಬ ಹೆಣ್ಣುಮಗಳು ಪತ್ರಿಕೆಯಲ್ಲಿ ಸುದ್ದಿ ಓದಿ ತಾನಾಗಿಯೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ತಮ್ಮನ ಹೆಸರು ಓದಿದಾಗ ಅವಳ ಅಳು ಇಡೀ ಸಭೆಗೆ ಕೇಳಿಸಿತು. ಜುಲೈ 26 ಎಂದರೆ ನಮ್ಮಲ್ಲಿ ಆಷಾಢ ಮುಗಿಯುವ ಹೊತ್ತು, ಪಂಚಮಿ ಎದುರಿಗೇ ಇರುತ್ತದೆ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಆ ಹಬ್ಬ ಇರುವುದೇ ಹೆಣ್ಣುಮಕ್ಕಳಿಗಾಗಿ. ಅವಳು ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಇಪ್ಪತ್ತ ವರ್ಷ ಆತ್ರಿ ಮಾಸ್ತರ್ರ, ಪಂಚಮಿಗೆ ನನ್ನ ಕರಿಲಿಕ್ಕ ಯಾರೂ ಬಂದಿಲ್ಲ. ನೀವರ ಒಂದ ಚೀಟಿ ಕಳಸಬೇಕಿತ್ತು" ಎಂದಳು. ಮುಂದಿನ ವರ್ಷದಿಂದ ನಮ್ಮ ವಹಿಯಲ್ಲಿ ಒಂದು ಹೊಸ ಕಾಲಂ ಸೇರಿತು: ಅಕ್ಕತಂಗಿಯರು, ಕೊಟ್ಟ ಊರು, ಫೋನ್ ನಂಬರ್. ಅವರನ್ನು ಕರೆಯಲು ಅವರವರ ಊರಿಗೆ ಒಬ್ಬ ಮಾಜಿ ಸೈನಿಕ ಹೋಗಬೇಕು, ಫೋನಿನಲ್ಲಿ ಹೇಳಿ ಮುಗಿಸಬಾರದು ಎಂದು ತೀರ್ಮಾನವಾಯಿತು. ಇಷ್ಟೆಲ್ಲ ಮಾಡಿದ್ದರಲ್ಲಿ ಇದೇ ಅತ್ಯಂತ ಒಳ್ಳೆಯ ಕೆಲಸವೆಂದು ನಾನು ಈಗಲೂ ನಂಬಿದ್ದೇನೆ.

2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಿನ ಓಣಿಗಳಿಗೆ ನುಗ್ಗಿತು. ಮುಂದಿನ ಎರಡು ವರ್ಷ ಕೋವಿಡ್ಡಿನಿಂದ ಜನ ಸೇರುವಂತಿರಲಿಲ್ಲ. ಅಂಥ ವರ್ಷಗಳಲ್ಲಿ ಜುಲೈ 26ರ ಬೆಳಿಗ್ಗೆ ಎಲ್ಲ ಮನೆಗಳಿಗೂ ಫೋನ್ ಮಾಡಿ ಮಾತಾಡಿದೆವು.

2024, ಇಪ್ಪತ್ತೈದನೆಯ ವರ್ಷ, ದೊಡ್ಡದಾಗಿ ಮಾಡಬೇಕೆಂದು ಎಲ್ಲರಿಗೂ ಹುಮ್ಮಸ್ಸು. ಗೋಕಾಕಿನಲ್ಲಿ ಮೂರೂ ತಾಲ್ಲೂಕಿನವರನ್ನು ಕೂಡಿಸುವ ಯೋಚನೆ. ಪೆಂಡಾಲ, ಬ್ಯಾಂಡು, ಬ್ಯೂಗಲ್ ಊದುವ ಎನ್.ಸಿ.ಸಿ. ಹುಡುಗರು ಎಲ್ಲ ಗೊತ್ತು ಮಾಡಿದ್ದಾಯಿತು. ಜುಲೈ ಕೊನೆಯ ವಾರ ಮಳೆ ಹಿಡಿಯಿತು, ಹೊಳೆ ತುಂಬಿತು, ಲೋಳಸೂರ ಸೇತುವೆಯ ಮೇಲೆ ನೀರು ಬಂತು. ಹುಕ್ಕೇರಿ ಕಡೆಯ ಮುದುಕರನ್ನು ಸುತ್ತು ದಾರಿಯಲ್ಲಿ ಆ ಮಳೆಯಲ್ಲಿ ಕರೆತರುವುದು ಹೇಗೆ? ಹಿಂದಿನ ರಾತ್ರಿ ಕೂತು ಕಾರ್ಯಕ್ರಮವನ್ನು ಮೂರು ಪಾಲು ಮಾಡಿದೆವು. ಹುಕ್ಕೇರಿಯದು ಹುಕ್ಕೇರಿಯಲ್ಲಿ, ಮೂಡಲಗಿಯದು ಮೂಡಲಗಿಯಲ್ಲಿ, ಒಂದೊಂದು ಶಾಲೆಯ ಕೋಣೆಯಲ್ಲಿ. ಬ್ಯಾಂಡು ಇಲ್ಲ, ವೇದಿಕೆ ಇಲ್ಲ. ಎಲ್ಲರೂ ಒಂದೇ ಮಟ್ಟದಲ್ಲಿ, ಸುತ್ತ ಕೂತು.

ಹುಕ್ಕೇರಿಯದನ್ನು ನಡೆಸಿದ ಸುಬೇದಾರ್ ಸಾಹೇಬರು ಆಮೇಲೆ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಹೆಸರು ಓದಿದ ಕೂಡಲೇ ಮನೆಯವರು ತಾವಾಗಿಯೇ ಮಾತಾಡತೊಡಗಿದರಂತೆ. ಒಬ್ಬ ತಾಯಿ ಮಗನಿಗೆ ಈಜು ಕಲಿಸಿದ್ದು ಯಾರೆಂದು ಹೇಳಿದರಂತೆ. ಶ್ರೀಲಂಕಾದಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬರು, ಆಗ ತಾನು ತೊಟ್ಟಿಲ ಕೂಸು, ಅಪ್ಪನ ದನಿ ಹೇಗಿತ್ತೆಂದು ಯಾರಾದರೂ ಕೇಳಿದವರಿದ್ದೀರಾ ಎಂದು ಕೇಳಿದರಂತೆ. ಒಬ್ಬರಿದ್ದರು, ಅದೇ ಪಲ್ಟನ್ನಿನವರು. 1987ರಿಂದ 1990ರವರೆಗೆ ಶಾಂತಿ ಪಾಲನಾ ಪಡೆಯಲ್ಲಿ ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಮಡಿದರು. ಕ್ಯಾಲೆಂಡರಿನಲ್ಲಿ ಎಲ್ಲರೂ ಗುರುತಿಸುವ ಒಂದು ದಿನ ಅವರಿಗಿಲ್ಲ. ಕಾರ್ಗಿಲ್ ವಿಜಯದ ದಿನದಂದೇ ಅವರನ್ನೂ ನೆನೆಯಬಹುದೇ ಎಂದು ನಮ್ಮಲ್ಲಿ ಚರ್ಚೆಯಾಗಿತ್ತು. ಆ ಕೋಣೆಯಲ್ಲಿ ನಡೆದ ಮಾತು ಕೇಳಿದ ಮೇಲೆ ಆ ಚರ್ಚೆ ಮತ್ತೆ ಏಳಲಿಲ್ಲ.

ಮರುವರ್ಷ ಸೇನೆಯೇ ಕಾರ್ಗಿಲ್‌ನಲ್ಲಿ ಮಡಿದವರ ಮನೆಮನೆಗೆ ತಂಡಗಳನ್ನು ಕಳಿಸಿ ಗೌರವ ಸಲ್ಲಿಸಿತು. ಆ ಸುದ್ದಿ ಓದಿ ನಮ್ಮವರಿಗೆಲ್ಲ ಬಲ ಬಂತು. ಗೋಕಾಕಿನಲ್ಲಿ ದೊಡ್ಡ ಪೆಂಡಾಲ ಹಾಕಿಸುವ ಮಾತು ಅಲ್ಲಿಗೆ ನಿಂತಿತು. ಈಗ ಮೂರು ಕಡೆಯೂ ಬೇರೆಬೇರೆಯೇ ಮಾಡುತ್ತೇವೆ.

2024ರ ಆ ಮಳೆಯ ದಿನ ಹುಕ್ಕೇರಿಯಲ್ಲಿ ಇನ್ನೊಂದು ಕೆಲಸವೂ ನಡೆಯಿತು. ರಕ್ಷಣಾ ಪಿಂಚಣಿಯೆಲ್ಲ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇವೆಂದು ಪ್ರಮಾಣ ಕೊಡಬೇಕು. ಹಳೆಯ ಸೇನಾ ಕಾಗದದಲ್ಲಿ ಗಂಗೂಬಾಯಿ, ಆಧಾರ್ ಕಾರ್ಡಿನಲ್ಲಿ ಗಂಗವ್ವ. ಹುಟ್ಟಿದ ತಾರೀಕು ಎರಡರಲ್ಲೂ ಬೇರೆ. ಕಂಪ್ಯೂಟರ್ ಒಪ್ಪುವುದಿಲ್ಲ, ಪಿಂಚಣಿ ತಡೆಯುತ್ತದೆ. ಮೊಮ್ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಇಲ್ಲಿಗೆ ಅಲೆಯುವುದು ಈ ಅಜ್ಜಿಯರಿಗೆ ತಪ್ಪಿಲ್ಲ. ಕಂಪ್ಯೂಟರ್ ಬಲ್ಲ ಇಬ್ಬರು ನಿವೃತ್ತ ಹವಾಲ್ದಾರರು ಕೋಣೆಯ ಮೂಲೆಯಲ್ಲಿ ಒಂದು ಟೇಬಲ್ ಹಾಕಿಕೊಂಡು, ಲ್ಯಾಪ್‌ಟಾಪ್, ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಕೂತರು. ಊಟವಾದ ಮೇಲೆ ಅದರ ಮುಂದೆ ಸಾಲು ಹತ್ತಿತು. ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಎಷ್ಟೋ ಹೊತ್ತು ಹಿಡಿಯಿತು. ಸಂಜೆಯಾದರೂ ಸಾಲು ಕರಗಲಿಲ್ಲ. ಉಳಿದವರ ಮನೆಗೆ ತಾವೇ ಬರುವುದಾಗಿ ಹವಾಲ್ದಾರರು ಬರೆದುಕೊಂಡರು. ಈ ವರ್ಷ ಪ್ರತಿ ತಾಲ್ಲೂಕಿನಲ್ಲೂ ಎರಡೆರಡು ಟೇಬಲ್ ಹಾಕುತ್ತಿದ್ದೇವೆ. ಮೂಡಲಗಿಗೆ ಇನ್ನೊಂದು ಲ್ಯಾಪ್‌ಟಾಪ್ ಬೇಕು.